ನಕಲಿ ಸಲಕರಣೆಯೂ ಕೊಂಡಿಯಿಲ್ಲದ ಸೀರೆಯೂ

ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಅಗ್ಗದ ನಕಲು ಸೀರೆ ಸೆರಗಿನ ತೆನೆಯನ್ನಷ್ಟೇ ಅನುಕರಿಸಿ, ಕೊಂಡಿಯ ಶ್ರಮವನ್ನು ಕೈಬಿಡುತ್ತದೆ. ಕಣ್ಣಿಗೆ ಬೀಳುವುದನ್ನು ಉಳಿಸಿ, ಬೀಳದಿರುವುದನ್ನು ಕದಿಯುವುದೇ ನಕಲಿನ ಸ್ವಭಾವ.

ಚಲನಚಿತ್ರ ತಂಡಗಳ ಸಲಕರಣೆಗಳಲ್ಲಿಯೂ ನಡೆದಿರುವುದು ಇದೇ. ಹೆಸರಾಂತ ಕಂಪನಿಯ ಚೀಟಿ ಅಂಟಿಸಿಕೊಂಡ ನಕಲಿ ಲಿಥಿಯಂ ಬ್ಯಾಟರಿಯೊಳಗೆ ಅತಿಯಾದ ಚಾರ್ಜನ್ನು ತಡೆಯುವ ಸರ್ಕಿಟ್ ಎಷ್ಟೋ ಸಲ ಇರುವುದಿಲ್ಲ. ಅದು ಉಬ್ಬಿ ಹೊತ್ತಿಕೊಳ್ಳಬಹುದು. 64 ಜಿಬಿ ಎಂದು ಬರೆದ ನಕಲಿ ಮೆಮೊರಿ ಕಾರ್ಡಿನಲ್ಲಿ 8 ಜಿಬಿ ಜಾಗವಷ್ಟೇ ಇರುವುದುಂಟು. ಅದು ತುಂಬಿದ ಮೇಲೆ ತೆಗೆದ ದೃಶ್ಯಗಳು ಸದ್ದಿಲ್ಲದೆ ನಾಶವಾಗುತ್ತವೆ.

ಹುನಗುಂದದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿತ್ರತಂಡಗಳಲ್ಲಿ ಲೈಟ್ ಸಹಾಯಕ. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಕಲಿ ಸ್ಟ್ಯಾಂಡಿನ ತಿರುಪು ಜಾರಿ, ಲೈಟು ಅವನ ಭುಜದ ಮೇಲೆ ಬಿತ್ತು. ಎರಡು ತಿಂಗಳು ದುಡಿಮೆಯಿಲ್ಲ. "ಒಡದ ಲೈಟಿನ ರೊಕ್ಕಾನೂ ನನ್ನ ಪಗಾರದಾಗ ಮುರ್ಕೊಂಡ್ರು ಸರ್" ಎಂದನು.

ಬಡ ನಿರ್ಮಾಪಕನಿಗೆ ಇದರಿಂದ ಅನುಕೂಲವೆಂದು ವಾದಿಸುವವರಿದ್ದಾರೆ. ಸ್ವಂತ ಹೆಸರಿನಲ್ಲಿ ಮಾರುವ ಅಗ್ಗದ ಸಲಕರಣೆಗೆ ನನ್ನ ಆಕ್ಷೇಪವಿಲ್ಲ. ಸುಳ್ಳು ಹೆಸರಿಗೆ ಇದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯು ಅಂಥ ಮಾರಾಟಕ್ಕೆ 3 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಆ ಕಾಯ್ದೆ ಕಾಯುವುದು ಕಂಪನಿಯ ಹೆಸರನ್ನು, ಕಾರ್ಮಿಕನ ಭುಜವನ್ನಲ್ಲ. ಸಲಕರಣೆಯನ್ನು ತರಿಸಿದವನೇ ಅದರ ಹಾನಿಗೆ ಹೊಣೆಯೆಂದು ಕರಾರಿನಲ್ಲಿ ಬರೆಯಲಿ. ಅಲ್ಲಿಯವರೆಗೆ, ಓದುಗರೇ, ನಿರ್ಮಾಪಕ ಉಳಿಸಿದ ಹಣವನ್ನು ತೆರುವವನು ನನ್ನ ವಿದ್ಯಾರ್ಥಿಯೇ ಅಲ್ಲವೇ?