ಆಶಾವಾದವನ್ನು ದೂರುವವರಿಗೆ ಒಂದು ಉತ್ತರ

ಆಶಾವಾದದ ಬಗೆಗಿನ ಮನೋವಿಜ್ಞಾನದ ಅಧ್ಯಯನಗಳನ್ನೂ ವೇದಿಕೆಯ ಮೇಲಿನ ಸ್ಫೂರ್ತಿ ಭಾಷಣಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎರಡೂ ಬೊಗಳೆ ಎಂದು ತೀರ್ಪು ಕೊಡುವವರಿದ್ದಾರೆ. ಭಾಷಣಗಳನ್ನು ಸಮರ್ಥಿಸುವ ಗೋಜಿಗೆ ನಾನು ಹೋಗುವುದಿಲ್ಲ. ಅಧ್ಯಯನಗಳ ಮೇಲಿನ ಆಕ್ಷೇಪಗಳಿಗೆ ಮಾತ್ರ ಉತ್ತರ ಕೊಡಲೇಬೇಕು.

ಆಶಾವಾದಿಗಳು ಕಷ್ಟ ಎದುರಾದಾಗ ಕಣ್ಣುಮುಚ್ಚಿ ಕೂರುತ್ತಾರೆ ಎಂಬುದು ಮೊದಲ ಆರೋಪ. ಮೈಕೆಲ್ ಷೈಯರ್, ಚಾರ್ಲ್ಸ್ ಕಾರ್ವರ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 51 ಗಂಡಸರನ್ನು ಅವರು ಗಮನಿಸಿದರು. ಒಳ್ಳೆಯದಾಗುತ್ತದೆಂದು ನಿರೀಕ್ಷಿಸಿದ್ದವರು ಆಪರೇಷನ್ನಿಗೆ ಮೊದಲೇ ಚೇತರಿಕೆಗೆ ಏನೇನು ಮಾಡಬೇಕೆಂದು ಯೋಚಿಸಿಟ್ಟುಕೊಂಡಿದ್ದರು. ಆಮೇಲೆ ಹಾಸಿಗೆಯಲ್ಲಿ ಎದ್ದು ಕೂರುವುದರಲ್ಲಿ, ಕೋಣೆಯೊಳಗೆ ಓಡಾಡುವುದರಲ್ಲಿ ಅವರೇ ಮುಂದು. ಕಣ್ಣುಮುಚ್ಚಿ ಕೂತವರ ಲಕ್ಷಣವೇ ಇದು?

ಗೆಲುವಿನ ಕನಸು ಕಂಡವರು ದುಡಿಮೆ ಬಿಡುತ್ತಾರೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಕಂಡುಹಿಡಿದವರೂ ಮನೋವಿಜ್ಞಾನಿಗಳೇ. ತೂಕ ಇಳಿಸಲು ಹೊರಟ ಮಹಿಳೆಯರ ಬಗ್ಗೆ ಗೇಬ್ರಿಯೆಲೆ ಓಟಿಂಗೆನ್ 1991ರಲ್ಲಿ ಬರೆದರು: ‘ನನ್ನಿಂದಾಗುತ್ತದೆ’ ಎಂದು ನಿರೀಕ್ಷಿಸಿದವರು ಹೆಚ್ಚು ತೂಕ ಇಳಿಸಿಕೊಂಡರು, ತೆಳ್ಳಗಾದ ತಮ್ಮ ಚಿತ್ರವನ್ನು ನೆನೆದು ಸುಖಿಸಿದವರು ಕಡಿಮೆ ಇಳಿಸಿಕೊಂಡರು. ನಿರೀಕ್ಷೆ ಬೇರೆ, ಹಗಲುಗನಸು ಬೇರೆ. ಟೀಕಾಕಾರರು ಹೊಡೆಯುತ್ತಿರುವುದು ಹಗಲುಗನಸಿಗೆ, ಪೆಟ್ಟು ಬೀಳುತ್ತಿರುವುದು ನಿರೀಕ್ಷೆಗೆ.

ಇನ್ನು ಗಟ್ಟಿ ಆಕ್ಷೇಪ: ‘ಆರೋಗ್ಯವಂತರು ಸಹಜವಾಗಿಯೇ ಆಶಾವಾದಿಗಳು, ನೀವು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದ್ದೀರಿ.’ ಅನುಮಾನ ಸರಿಯಾದದ್ದೇ. ಅದಕ್ಕೇ 2019ರ ಅಮೆರಿಕದ ಅಧ್ಯಯನ 69,744 ಮಹಿಳೆಯರು ಮತ್ತು 1,429 ಪುರುಷರ ಆಗಿನ ಕಾಯಿಲೆ, ಖಿನ್ನತೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿತು. ಆಮೇಲೂ ಅತಿ ಹೆಚ್ಚು ಆಶಾವಾದಿಗಳ ಆಯುಸ್ಸು ಅತಿ ಕಡಿಮೆಯವರದಕ್ಕಿಂತ ಸರಾಸರಿ ಶೇ. 11ರಿಂದ 15ರಷ್ಟು ಹೆಚ್ಚಿತ್ತು. ಸಿಗರೇಟು, ವ್ಯಾಯಾಮ, ಊಟವನ್ನೂ ಸೇರಿಸಿದಾಗ ಅಂತರ ತಗ್ಗಿತು, ಆದರೆ ಮಾಯವಾಗಲಿಲ್ಲ. 2001ರಲ್ಲಿ ಪ್ರಕಟವಾದ ಕ್ಯಾಥೊಲಿಕ್ ಸನ್ಯಾಸಿನಿಯರ ಅಧ್ಯಯನ ನನಗೆ ಇನ್ನೂ ಮುಖ್ಯ. ಒಂದೇ ಬಗೆಯ ವಸತಿ, ಒಂದೇ ಬಗೆಯ ದಿನಚರಿಯ 180 ಮಂದಿ. ಮಠ ಸೇರಿದ ಕಾಲಕ್ಕೆ, ಸರಾಸರಿ 22ನೇ ವಯಸ್ಸಿನಲ್ಲಿ, ಅವರು ಕೈಯಾರೆ ಬರೆದ ಪುಟ್ಟ ಆತ್ಮಕಥೆಗಳಲ್ಲಿ ಸಂತೋಷ, ಕೃತಜ್ಞತೆ, ಭರವಸೆಯ ಮಾತುಗಳನ್ನು ಸಂಶೋಧಕರು ಎಣಿಸಿದರು. ಅಂಥ ಮಾತು ಹೆಚ್ಚು ಬರೆದವರು ಹೆಚ್ಚು ಕಾಲ ಬದುಕಿದ್ದರು. ಇಪ್ಪತ್ತೆರಡರ ಹರೆಯದ ಬರಹಕ್ಕೆ ಮುಪ್ಪಿನ ಆರೋಗ್ಯ ಕಾರಣವಾಗಲು ಹೇಗೆ ಸಾಧ್ಯ? ಇದರಿಂದಲೇ ಕಾರ್ಯಕಾರಣ ಸಾಬೀತಾಯಿತು ಎಂದು ನಾನು ಹೇಳುತ್ತಿಲ್ಲ. ಸಂಶೋಧಕರೂ ಹೇಳಿಲ್ಲ.

ಹುಟ್ಟುಗುಣ ಬದಲಾಗದು ಎಂಬುದಕ್ಕೆ ಚಿಕ್ಕ ಉತ್ತರ ಸಾಕು. ಸ್ವೀಡನ್ನಿನ ಅವಳಿಗಳ ಅಧ್ಯಯನದಂತೆ ಆಶಾವಾದದ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು ಸುಮಾರು ಕಾಲುಭಾಗ.

ಕೊನೆಯದು, ಎಲ್ಲಕ್ಕಿಂತ ನೋವಿನದು: ಆಶಾವಾದ ರೋಗಿಯ ಮೇಲೆಯೇ ತಪ್ಪು ಹೊರಿಸುತ್ತದೆ ಎಂಬ ದೂರು. ಸ್ತನ ಕ್ಯಾನ್ಸರ್ ಅನುಭವಿಸಿದ ಲೇಖಕಿ ಬಾರ್ಬರಾ ಎರೆನ್‌ರೈಕ್ 2009ರ ತಮ್ಮ ಪುಸ್ತಕದಲ್ಲಿ ಸದಾ ನಗುತ್ತಿರಬೇಕೆಂಬ ಒತ್ತಡದ ವಿರುದ್ಧ ಸಿಡಿದೆದ್ದರು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟಿಗೆ ಬಲ ಕೊಡುವ ಪುರಾವೆ ಸಂಶೋಧನೆಯಲ್ಲೇ ಇದೆ. 2004ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಶ್ವಾಸಕೋಶದ ಕ್ಯಾನ್ಸರಿನ 179 ರೋಗಿಗಳಲ್ಲಿ ಆಶಾವಾದಕ್ಕೂ ಬದುಕುಳಿಯುವಿಕೆಗೂ ನಂಟು ಕಾಣಲಿಲ್ಲ. ತಲೆ ಮತ್ತು ಕತ್ತಿನ ಕ್ಯಾನ್ಸರಿನ 1,093 ರೋಗಿಗಳ ಮಾನಸಿಕ ನೆಮ್ಮದಿಯನ್ನು ಪರಿಶೀಲಿಸಿದ ಜೇಮ್ಸ್ ಕಾಯ್ನ್ ತಂಡ 2007ರಲ್ಲಿ ಹೇಳಿದ್ದೂ ಇಂಥದ್ದನ್ನೇ. ‘ಪಾಸಿಟಿವ್ ಆಗಿದ್ದರೆ ಗೆಡ್ಡೆ ಕರಗುತ್ತದೆ’ ಎನ್ನುವವರಿಗೆ ಈ ವಿಜ್ಞಾನದ ಬೆಂಬಲವಿಲ್ಲ.

ಟೀಕಾಕಾರರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಆ ಮಾತು ಆಡುವವರ ಬಾಯಿ ಮುಚ್ಚಿಸಲು ಈ ಅಧ್ಯಯನಗಳನ್ನೇ ಎತ್ತಿ ಹಿಡಿಯಿರಿ. ಓದುಗರಲ್ಲಿ ಕೇಳಿಕೊಳ್ಳುವುದೂ ಅದೇ. ಕೀಮೋ ಮುಗಿಸಿ ಬಂದವರ ಮುಂದೆ ‘ನಗ್ತಾ ಇರಿ, ಎಲ್ಲ ಸರಿಹೋಗುತ್ತೆ’ ಎನ್ನಬೇಡಿ; ಮುಂದಿನ ಸಲ ಆಸ್ಪತ್ರೆಗೆ ಜೊತೆಗೆ ಬರುತ್ತೇನೆ ಎನ್ನಿ.