ಕಡಲತೀರ ಯಾರ ಅಂಗಳ?

ಭಾನುವಾರದ ಬೆಳಗು. ಉರ್ವದ ಸುಶಿಕ್ಷಿತ ಮನೆಯೊಂದರ ಮುಂದೆ ಕಾರು ಸಿದ್ಧವಾಗಿ ನಿಂತಿದೆ. ಬುತ್ತಿ, ನೀರಿನ ಬಾಟಲಿ, ಹಾಸುವ ಚಾಪೆ ಎಲ್ಲವೂ ಏರಿದ ಮೇಲೆ ಮನೆಮಂದಿ ಕಡಲ ಕಡೆಗೆ ಸವಾರಿ ಹೊರಡುತ್ತಾರೆ. ಕೊಟ್ಟಾರಚೌಕಿ ಕಳೆಯಿತು, ಕೂಳೂರಿನ ಸೇತುವೆಯ ಮೇಲೆ ಫಲ್ಗುಣಿಯನ್ನು ದಾಟಿದ್ದಾಯಿತು, ಪಣಂಬೂರು, ಸುರತ್ಕಲ್ಲು, ಮುಕ್ಕ, ಮೂಲ್ಕಿ, ಹೆಜಮಾಡಿ, ಪಡುಬಿದ್ರಿ, ಉಚ್ಚಿಲ, ಕಾಪುಗಳನ್ನು ಹಿಂದಿಕ್ಕಿ ಸುಮಾರು ೬೦ ಕಿಲೋಮೀಟರು ದೂರದ ಮಲ್ಪೆಯನ್ನು ಮುಟ್ಟಿದರೆ ಯಾತ್ರೆ ಸಫಲ. ಸಂಜೆ ಮರಳಿದವರಲ್ಲಿ ಲೇಖನಿ ಹಿಡಿಯಬಲ್ಲವರಿದ್ದರೆ ಒಂದು ಪ್ರವಾಸಲೇಖನವೂ ಹುಟ್ಟುತ್ತದೆ. ಅದರಲ್ಲಿ ಸೂರ್ಯಾಸ್ತಕ್ಕೆ ಎರಡು ಪುಟ, ೧೯೦೧ರ ಕಾಪು ದೀಪಸ್ತಂಭಕ್ಕೆ ಒಂದು ಪುಟ. ಮೀನುಗಾರರಿಗೆ ಒಂದೇ ವಾಕ್ಯ. ಅದೂ ಒಣಮೀನಿನ ನಾತದ ವಿಷಯವಾಗಿ!

ಈ ದೃಷ್ಟಿಯೇ ದೋಷಯುಕ್ತವಾದುದು. ಮೀನುಗಾರರ ಹಳ್ಳಿ ನೋಡುವವರಿಗೆಂದು ಬರೆದಿಟ್ಟ ಚಿತ್ರಪಟವಲ್ಲ. ಅದು ದುಡಿಯುವವರ ಊರು, ಅಲ್ಲಿಯ ಮರಳು ಅವರ ಕೆಲಸದ ಅಂಗಳ. ಒಕ್ಕಲಿಗನ ಕಣದಲ್ಲಿ ಪೈರು ಬಡಿಯುತ್ತಿರುವಾಗ ನಡುವೆ ಚಾಪೆ ಹಾಸಿ ಬುತ್ತಿ ಬಿಚ್ಚುವ ಧೈರ್ಯ ಯಾವ ಸಭ್ಯನಿಗೂ ಬಾರದು. ಹಾಗಿರಲು, ಬಲೆ ಹರವಿದ ಮರಳಿನ ಮೇಲೆ ಕಾರು ನಿಲ್ಲಿಸುವಾಗ ಆ ಸಂಕೋಚ ಎಲ್ಲಿ ಅಡಗುತ್ತದೆ?

ಉರ್ವದವರಿಗಂತೂ ಈ ಅಜ್ಞಾನ ಶೋಭಿಸದು. ಮೊಗವೀರರು ತಲೆಮಾರುಗಳಿಂದ ಭಕ್ತಿಯಿಂದ ನಡೆದುಕೊಳ್ಳುತ್ತಿರುವ ಮಾರಿಗುಡಿ ಇರುವುದು ಇಲ್ಲಿಯೇ. ಅಲ್ಲಿಂದ ಬೋಳೂರಿನ ಕಡೆಗೆ ಇಳಿದರೆ ೧೭೮೪ರಲ್ಲಿ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ. ಅದರ ಬಳಿಯ ಕಡವಿನಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ, ಅದರಾಚೆ ಕಡಲು. ಮನೆಯ ಹಿತ್ತಿಲಿಗೇ ತಾಗಿದಂತಿರುವ ಈ ಬದುಕನ್ನು ಅರಿಯದವರು ಮಲ್ಪೆಯವರೆಗೆ ಹೋಗಿ ಕಂಡುಬರುವುದಾದರೂ ಏನನ್ನು?

ಮರಳಿಗೂ ಮೀನಿಗೂ ಇರುವ ಸಂಬಂಧವನ್ನು ರಂಪಣಿಯೊಂದೇ ಸಾಕಷ್ಟು ವಿವರಿಸಬಲ್ಲುದು. ದೋಣಿಯಿಂದ ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟ ಉದ್ದನೆಯ ಬಲೆಯ ಎರಡು ತುದಿಗಳನ್ನು ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದರು. ಬಂದ ಬೂತಾಯಿ, ಬಂಗುಡೆಗಳಲ್ಲಿ ಎಳೆದವರಿಗೆಲ್ಲ ಪಾಲಿತ್ತು. ‘ರಂಪಣಿ ಫಂಡು’ ಎಂಬ ಹೆಸರೇ ಅದು ಕೂಡುಬಂಡವಾಳದ, ಕೂಡುದುಡಿಮೆಯ ವ್ಯವಸ್ಥೆಯಾಗಿತ್ತೆಂಬುದನ್ನು ಸಾರುತ್ತದೆ. ೧೯೭೦ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಸುತ್ತುಗಟ್ಟತೊಡಗಿದ ಮೇಲೆ ಆ ದೊಡ್ಡ ಬಲೆಗಳು ಒಂದೊಂದಾಗಿ ಮೂಲೆ ಸೇರಿದವು. ಆದರೂ ಕೈರಂಪಣಿ ಇಂದಿಗೂ ಅಳಿದಿಲ್ಲ. ಜೂನ್ ೧ರಿಂದ ಜುಲೈ ೩೧ರ ವರೆಗೆ ಯಾಂತ್ರಿಕ ಬೋಟುಗಳಿಗೆ ೬೧ ದಿನಗಳ ನಿಷೇಧವಿರುವಾಗ ಕಡಲಿಗಿಳಿಯುವವು ನಾಡದೋಣಿಗಳು. ದೊಡ್ಡ ಬೋಟುಗಳಿಗೆ ದಕ್ಕೆಯುಂಟು. ಎಷ್ಟೋ ನಾಡದೋಣಿಗಳಿಗೆ ಮರಳೇ ದಕ್ಕೆ. ಬಲೆ ಒಣಗುವುದೂ, ಹರಿದುದನ್ನು ಹೆಣೆಯುವುದೂ, ಹೆಂಗಸರು ಮೀನು ಒಣಗಿಸುವುದೂ ಅದೇ ಮರಳಿನಲ್ಲಿ.

ಈ ಅಂಗಳ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ೧೯೭೪ರಲ್ಲಿ ಮಹಾಬಂದರೆಂದು ಘೋಷಿತವಾದ ನವಮಂಗಳೂರು ಬಂದರಿಗಾಗಿ ಪಣಂಬೂರಿನ ಕುಟುಂಬಗಳು ನೆಲ ಬಿಟ್ಟು ಎದ್ದವು. ಕಡಲ್ಕೊರೆತ ಬಂದಲ್ಲಿ ಮನೆ ಉಳಿಸಲೆಂದು ಬಂಡೆಗಲ್ಲು ಸುರಿಯಲಾಯಿತು. ಬಂಡೆಯಿದ್ದಲ್ಲಿ ದೋಣಿ ಏರಿಸುವಂತಿಲ್ಲ. ೨೦೧೯ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಜನನಿಬಿಡವಾದ ಗ್ರಾಮತೀರಗಳಲ್ಲಿ ಕಟ್ಟಡಕ್ಕೆ ಅವಕಾಶವಿಲ್ಲದ ಪಟ್ಟಿಯನ್ನು ೨೦೦ ಮೀಟರಿನಿಂದ ೫೦ ಮೀಟರಿಗೆ ಇಳಿಸಲು ದಾರಿ ಮಾಡಿಕೊಟ್ಟಿತು. ಪ್ರವಾಸಿಗರಿಗಾಗಿ ತಾತ್ಕಾಲಿಕ ಕಟ್ಟಣೆಗಳಿಗೂ ತೀರದಲ್ಲಿ ಎಡೆಯಿತ್ತಿತು. ೨೦೨೦ರಲ್ಲಿ ಪಡುಬಿದ್ರಿಗೆ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆತಾಗ ಜಿಲ್ಲೆಗಳೆರಡೂ ಹಿಗ್ಗಿದವು. ನೀರು ಶುದ್ಧವಾಗಿರುವುದೂ, ಸ್ನಾನಕ್ಕೆ ಇಳಿದವರ ಜೀವಕ್ಕೆ ಕಾವಲಿರುವುದೂ ಒಳ್ಳೆಯದೇ, ಅದನ್ನು ಅಲ್ಲಗಳೆಯುವವರಿಲ್ಲ. ಆದರೆ ತೀರವೊಂದು ಉತ್ತಮವೆನಿಸಲು ಮೀಯುವವನ ಸೌಖ್ಯವೊಂದೇ ಅಳತೆಗೋಲಾದರೆ ಬಲೆಯೆಳೆಯುವವನು ಎಲ್ಲಿ ನಿಲ್ಲಬೇಕು?

ಇದಕ್ಕೆ ಎರಡು ಸಮಾಧಾನಗಳು ಕೇಳಿಬರುತ್ತವೆ. ಪ್ರವಾಸಿಗರಿಂದ ಹಳ್ಳಿಗೆ ಹಣ ಬರುತ್ತದೆಂಬುದು ಮೊದಲನೆಯದು. ಬರುತ್ತದೆ, ನಿಜ. ಅಂಗಡಿಯಿಟ್ಟವನಿಗೂ, ವಸತಿಗೃಹ ಕಟ್ಟಿದವನಿಗೂ ಬರುತ್ತದೆ. ದೋಣಿ ನಿಲ್ಲಿಸುವ ಎಡೆ ಕಳಕೊಂಡವನಿಗೆ ಅದರಿಂದ ಬಂದ ಭಾಗ್ಯವೇನೆಂಬುದನ್ನು ಈ ವಾದಿಗಳು ಹೇಳುವುದಿಲ್ಲ. ಕಸುಬಿದ್ದವನನ್ನು ಕಾರು ಕಾಯುವ ಆಳಾಗಿ ಮಾಡುವುದು ಉದ್ಧಾರವೆನಿಸದು.

ಎರಡನೆಯದು ಇನ್ನೂ ಹರಿತವಾದುದು: ಕಡಲನ್ನು ಬರಿದು ಮಾಡಿದವರು ಮೀನುಗಾರರೇ ಅಲ್ಲವೇ? ಇದರಲ್ಲಿ ಸತ್ಯಾಂಶವುಂಟೆಂಬುದನ್ನು ಒಪ್ಪಲೇಬೇಕು. ಕಣ್ಣು ಕೋರೈಸುವ ದೀಪ ಹಾಯಿಸಿ ಮೀನನ್ನು ಒಟ್ಟುಗೂಡಿಸುವ ಪದ್ಧತಿಯನ್ನು ೨೦೧೭ರಲ್ಲಿ ಸರಕಾರವೇ ನಿಷೇಧಿಸಬೇಕಾಯಿತು. ಆದರೆ ಆ ಬೋಟು ಹೂಡಿದವನೂ ನಾಡದೋಣಿಯವನೂ ಒಬ್ಬನೇ ಅಲ್ಲ. ನಾಡದೋಣಿಯವನೇ ಅದರ ಮೊದಲ ಬಲಿ. ಮರಿಮೀನು ಮೀನುಹುಡಿಯ ಕಾರ್ಖಾನೆಗೆ ಹೋಗುವುದು ಕೊಳ್ಳುವವರಿರುವುದರಿಂದ. ಅಂಜಲಿನ ತುಂಡಿಗೆ ಬೇಸಗೆ ಮಳೆಗಾಲವೆನ್ನದೆ ಬೇಡಿಕೆಯಿರುವುದು ಪಟ್ಟಣದ ಊಟದೆಲೆಯಲ್ಲಿ. ಉಂಡವನು ನಾತಕ್ಕೆ ಮೂಗು ಮುಚ್ಚಿಕೊಳ್ಳುವುದೂ, ಮರಳಿನಲ್ಲಿ ಬಾಟಲಿಗಳನ್ನು ಬಿಸುಟುಬಂದವನು ಹಳ್ಳಿಯವರ ಅಶುಚಿಯನ್ನು ಜರೆಯುವುದೂ ನ್ಯಾಯವಲ್ಲ. ಆ ಬಾಟಲಿಯೇ ಮರುದಿನ ಬಲೆಯಲ್ಲಿ ಮೇಲೇಳುತ್ತದೆ.

ಹಾಗಾದರೆ ಕಡಲ ಕಡೆಗೆ ಯಾರೂ ಹೋಗಬಾರದೇ? ಅವಶ್ಯವಾಗಿ ಹೋಗಬೇಕು, ನೆಂಟರ ಮನೆಗೆ ಹೋಗುವಂತೆ ಹೋಗಬೇಕು. ಬಲೆ ಬರುವ ಹೊತ್ತಿನಲ್ಲಿ ದಡ ಬಿಟ್ಟುಕೊಟ್ಟು ನಿಲ್ಲಬೇಕು. ಮೀನನ್ನು ಅಲ್ಲಿಯ ಹೆಂಗಸರಿಂದಲೇ, ಜಗ್ಗಾಡದೆ ಕೊಳ್ಳಬೇಕು. ತಂದ ಕಸವನ್ನು ಮರಳಿ ತರಬೇಕು. ಇಷ್ಟು ಒಂದೊಂದು ಮನೆಯ ಕರ್ತವ್ಯ. ಇನ್ನು ತೀರದ ನಕಾಶೆಗಳನ್ನೂ ಪ್ರವಾಸದ ಯೋಜನೆಗಳನ್ನೂ ಕನ್ನಡದಲ್ಲಿ ಬರೆದು, ಹಳ್ಳಿಯ ಗ್ರಾಮಸಭೆಯಲ್ಲಿ ಓದಿ, ಬಲೆ ಹರವುವ ನೆಲವನ್ನೂ ದೋಣಿ ಏರಿಸುವ ದಾರಿಯನ್ನೂ ಮೊದಲು ಗುರುತಿಸಿದ ಮೇಲೆಯೇ ಮಿಕ್ಕುದನ್ನು ನಿಶ್ಚಯಿಸಬೇಕೆಂದು ಆಗ್ರಹಿಸುವುದು ವಿದ್ಯಾವಂತರೆಲ್ಲರ ಕರ್ತವ್ಯ. ಅರ್ಜಿ ಬರೆಯಬಲ್ಲವರು, ಅಧಿಸೂಚನೆ ಓದಬಲ್ಲವರು ಅವರೇ. ಆ ವಿದ್ಯೆ ಸೂರ್ಯಾಸ್ತದ ವರ್ಣನೆಗೆ ಮಾತ್ರ ಉಪಯೋಗವಾಗುವುದಾದರೆ ಅದರಿಂದ ನಾಡಿಗೇನು ಫಲ?

ಶ್ರಾವಣದ ನೂಲ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಬಳಿಕ ಕಸುಬಿಗಿಳಿಯುತ್ತಾರೆ. ತಮಗೆ ಅನ್ನವೀಯುವ ಕಡಲನ್ನೇ ಅನುಮತಿ ಕೇಳಿ ಪ್ರವೇಶಿಸುವ ಜನರ ಅಂಗಳವನ್ನು ಹೊಗುವ ಮೊದಲು ಅವರನ್ನೊಂದು ಮಾತು ಕೇಳುವುದು ಉರ್ವದ ಗೃಹಸ್ಥರಿಗೆ ಭಾರವಾಗಲಾರದು.