ಬ್ರೇಕ್ ಪೈಪಿಗೆ ‘ಆಗುತ್ತೆ ಬಿಡಿ’ ಅನ್ನೋ ಮಾತು ಬೇಡ

“ಟೈಟ್ ಆಯ್ತಲ್ಲ ಸ್ವಾಮಿ, ಇನ್ನೇನು?” ಈ ಮಾತಿಗೇ ನನ್ನ ಜಗಳ.

ಸೊಪ್ಪು ಹೊರೋ ನನ್ನ ಹಳೇ ಜೀಪಿಗೆ ಮುಂದಿನ ಡ್ರಮ್ಮು ತೆಗೆಸಿ ಡಿಸ್ಕ್ ಬ್ರೇಕ್ ಹಾಕಿಸಿದೆ. ಹದಿನೈದನೇ ದಿನ ಬೆಳಗಿನ ಜಾವ, ಕೊತ್ತಂಬರಿ ಲೋಡು ಹಾಕ್ಕೊಂಡು ಮಹದೇವಪುರದಿಂದ ಕೆ.ಆರ್. ಪುರದ ಕಡೆ ಹೋಗ್ತಿದ್ದೆ. ಟಿನ್ ಫ್ಯಾಕ್ಟರಿ ಹತ್ರ ಪೆಡಲ್ ನೆಲಕ್ಕೆ ಕೂತ್ಕೊಳ್ತು. ಪಕ್ಕದಲ್ಲಿ ಮಗಳಿದ್ದಳು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದೆ. ಅದೇ ಬೆಳಿಗ್ಗೆ ಎಂಟು ಗಂಟೆಗೆ ಆಗಿದ್ರೆ ಮುಂದೆ ಸ್ಕೂಟರುಗಳ ಸಾಲೇ ಇರ್ತಿತ್ತು.

ಬಿಚ್ಚಿ ನೋಡಿದ್ರೆ ಪೈಪಿನ ನಟ್ಟು ಥ್ರೆಡ್ ಕಿತ್ಕೊಂಡು ಬಂದಿತ್ತು. ಮೇಲೆ ಟೆಫ್ಲಾನ್ ಟೇಪು ಬೇರೆ!

ನಮ್ಮ ಹಳೇ ಜೀಪು ವಿಲ್ಲೀಸ್ ವಂಶದ್ದು, ಲೆಕ್ಕವೆಲ್ಲ ಇಂಚಿಂದು. ಪೈಪಿನ ನಟ್ಟು 3/8 ಇಂಚು, ಒಂದು ಇಂಚಿಗೆ 24 ಥ್ರೆಡ್. ನನಗೆ ಕೂರಿಸಿದ ಕ್ಯಾಲಿಪರ್ ಕಡೆಯದು 10 ಮಿ.ಮೀ., ಪಿಚ್ 1 ಮಿ.ಮೀ. 3/8 ಇಂಚು ಅಂದ್ರೆ 9.5 ಮಿ.ಮೀ. ಚಿಲ್ಲರೆ. ಆ ತೂತಿಗೆ ಈ ನಟ್ಟು ಸಲೀಸಾಗಿ ಹೋಗುತ್ತೆ, ನಾಲ್ಕಾರು ಸುತ್ತಿಗೆ ಬಿಗಿಯೂ ಆಗುತ್ತೆ. ಪಿಚ್ ಹೊಂದದೆ ಸಿಕ್ಕಿಹಾಕ್ಕೊಂಡಿರೋದನ್ನೇ ನಾವು ‘ಟೈಟ್’ ಅಂತ ತಿಳ್ಕೊಳ್ತೀವಿ.

ಟೇಪಿನ ಚಾಳಿ ನಮಗೆ ಬೋರ್‌ವೆಲ್ ಪೈಪಿಂದ ಬಂದಿರೋದು. ಅಲ್ಲಿ ಸೋರಿಕೆ ತಡೆಯೋದು ಥ್ರೆಡ್ಡು. ಬ್ರೇಕಲ್ಲಿ ಹಾಗಲ್ಲ, ತಡೆಯೋದು ಪೈಪಿನ ತುದಿ. ಆ ತುದಿ ಒಂದರಲ್ಲಿ ಆಲಿಕೆ ಥರ ಒಳಮಡಚಿರುತ್ತೆ, ಇನ್ನೊಂದರಲ್ಲಿ ಅಣಬೆ ತಲೆ ಥರ ಉಬ್ಬಿರುತ್ತೆ. ಒಂದರ ಸೀಟಿಗೆ ಇನ್ನೊಂದು ಕೂರಲ್ಲ. ಡ್ರಿಪ್ ಲೈನಿನ ಒತ್ತಡ ಸುಮಾರು 1 ಕೆ.ಜಿ. ಬ್ರೇಕ್ ಜೋರಾಗಿ ಒತ್ತಿದ್ರೆ 70 ಕೆ.ಜಿ. ದಾಟುತ್ತೆ. ಟೇಪು ಏನು ಮಾಡುತ್ತೆ? ಹರಿದು ಒಳಗೆ ಹೋಗಿ ದಾರಿ ಕಟ್ಟಬಹುದು, ಅಷ್ಟೇ.

“ಮೇಸ್ತ್ರಿಗೆ ಮೂವತ್ತು ವರ್ಷದ ಅನುಭವ” ಅಂತೀರಿ. ಅನುಭವಕ್ಕೆ ಕೈ ಮುಗಿಯೋಣ. ಆದ್ರೆ ಪಿಚ್ಚಲ್ಲಿರೋ ಕೂದಲೆಳೆ ವ್ಯತ್ಯಾಸ ಕೈಗೆ ಗೊತ್ತಾಗಲ್ಲ, ಥ್ರೆಡ್ ಗೇಜಿಗೆ ಗೊತ್ತಾಗುತ್ತೆ. ತಪ್ಪು ಮೇಸ್ತ್ರಿದಷ್ಟೇ ಅಲ್ಲ. ಬಿತ್ತನೆ ಬೀಜಕ್ಕೆ ತಳಿ ಹೆಸರು ಕೇಳ್ತೀವಿ, ಪಿವಿಸಿ ಪೈಪಿಗೆ ಎಷ್ಟು ಕೆ.ಜಿ. ಅಂತ ಕೇಳ್ತೀವಿ. ಬ್ರೇಕ್ ನಟ್ಟಿಗೆ ಮಾತ್ರ “ಇರೋದ್ರಲ್ಲೇ ಅಡ್ಜಸ್ಟ್ ಮಾಡಪ್ಪ, ಸಂಜೆ ಗಾಡಿ ಬೇಕು” ಅಂತೀವಿ. ನಾನೂ ಹಾಗೇ ಅಂದಿದ್ದೆ.

ಅಣ್ಣಂದಿರೇ, ಡಿಸ್ಕ್ ಹಾಕಿಸೋರು ಇಷ್ಟನ್ನ ಪಟ್ಟು ಹಿಡಿದು ಕೇಳಿ. ಎರಡೂ ಕಡೆ ಥ್ರೆಡ್ ಗೇಜ್ ಇಟ್ಟು ಅಳೀಲಿ. ಪೈಪಿನ ತುದಿ, ಸೀಟು ಒಂದೇ ಜಾತಿಯದಾಗಿರಲಿ. ಹೊಂದದಿದ್ರೆ ಬ್ರೇಕಿಗೇ ಅಂತ ಮಾಡಿದ ಸರಿಯಾದ ಅಡಾಪ್ಟರ್ ತರಲಿ, ಜೆ.ಸಿ. ರೋಡಲ್ಲಿ ಹುಡುಕೋಕೆ ಒಂದು ದಿನ ಹೋದ್ರೂ ಹೋಗಲಿ. ಬ್ಯಾಂಜೋ ಬೋಲ್ಟಿನ ಎರಡೂ ಪಕ್ಕ ಹೊಸ ತಾಮ್ರದ ವಾಷರ್ ಬೀಳಲಿ. ನಟ್ಟು ಶುರುವಿಂದಲೇ ಬೆರಳಲ್ಲಿ ನೇರವಾಗಿ ತಿರುಗಬೇಕು, ಹಾಗೇ ಲೊಡಲೊಡ ಅಲುಗಾಡಬಾರದು.

ಮಾಸ್ಟರ್ ಸಿಲಿಂಡರ್ ಹಳೇ ಸಿಂಗಲ್ ಆಗಿದ್ರೆ ಇನ್ನೂ ಹುಷಾರು. ಒಂದು ಕಡೆ ಬಾಯಿಬಿಟ್ರೂ ನಾಲ್ಕು ಚಕ್ರಕ್ಕೂ ಬ್ರೇಕ್ ಇರಲ್ಲ.

ಈಗಾಗಲೇ ಹಾಕಿಸಿರೋರು ನಾಳೆ ಗಾಡಿ ತೆಗೆಯೋ ಮುಂಚೆ ಜಾಯಿಂಟುಗಳನ್ನ ಒಣಬಟ್ಟೇಲಿ ಒರೆಸಿ, ಒಬ್ಬರ ಕೈಲಿ ಪೆಡಲ್ ಜೋರಾಗಿ ಒಂದು ನಿಮಿಷ ಒತ್ತಿಸಿ ನೋಡಿ. ಪಸೆ ಕಂಡ್ರೆ, ಪೆಡಲ್ ಇಳಿದ್ರೆ, ಗಾಡಿ ತೆಗೀಬೇಡಿ. ಪಸೆ ಕಾಣದಿದ್ರೂ ಟೇಪು ಕಂಡ್ರೆ ಬಿಚ್ಚಿಸಿ ಅಳೆಸಿ. ನನ್ನ ಜೀಪೂ ಹದಿನಾಲ್ಕು ದಿನ ಚೆನ್ನಾಗೇ ನಿಂತಿತ್ತು.